ಜರ್ಮನಿಯಲ್ಲಿ ಬಿಯರ್ ಕೇಳುವಾಗಿನ ಎಡವಟ್ಟುಗಳು: ಕನ್ನಡಿಗರಿಗೊಂದು ಮಾರ್ಗದರ್ಶಿ

ಓದಲೆಂದೋ ಕೆಲಸಕ್ಕೆಂದೋ ಜರ್ಮನಿಗೆ ಹೊರಡುವ ಕನ್ನಡಿಗರು ವೀಸಾ, ಬಾಡಿಗೆ ಮನೆ, ಆರೋಗ್ಯ ವಿಮೆ ಎಂದು ತಿಂಗಳುಗಟ್ಟಲೆ ಸಿದ್ಧತೆ ಮಾಡಿಕೊಳ್ಳುತ್ತಾರೆ. ಅಲ್ಲಿಗೆ ತಲುಪಿದ ಮೇಲೆ ಸಹೋದ್ಯೋಗಿಗಳು ಒಂದು ಸಂಜೆ ಬಿಯರ್ ಕುಡಿಯಲು ಕರೆದಾಗ ಆ ಸಿದ್ಧತೆ ಯಾವುದೂ ನೆರವಿಗೆ ಬರುವುದಿಲ್ಲ. ಒಂದು ಲೋಟ ಕೇಳಿದವರ ಮುಂದೆ ಒಂದು ಲೀಟರಿನ ಮಗ್ಗು ಬಂದು ಕೂರುತ್ತದೆ. ಎರಡು ಕೇಳಿದ ಮೇಜಿಗೆ ಮೂರು ಬರುತ್ತವೆ. ನೀರೆಂದು ತಿಳಿದು ತರಿಸಿಕೊಂಡದ್ದರಲ್ಲಿ ಬಿಯರ್ ಇರುತ್ತದೆ. ಇನ್ನೊಂದು ಬೇಕೆಂಬ ಆಸೆಯಿಂದಲೇ ವಿನಯವಾಗಿ ‘ಧನ್ಯವಾದ’ ಎಂದವರಿಗೆ ಏನೂ ಬರುವುದಿಲ್ಲ. ಇವೆಲ್ಲ ಮೇಜಿನ ಸುತ್ತ ನಗು ಎಬ್ಬಿಸುವ ಪ್ರಸಂಗಗಳೇ ಹೊರತು ದೊಡ್ಡ ಅನಾಹುತಗಳಲ್ಲ. ಆದರೂ ಕೇಳಿದ್ದು ಕೇಳಿದಂತೆ ಬರಬೇಕೆನ್ನುವವರಿಗೆ, ಅದರಲ್ಲೂ ಮಾಂಸವನ್ನೋ ಮದ್ಯವನ್ನೋ ಮುಟ್ಟದವರಿಗೆ, ಈ ಎಡವಟ್ಟುಗಳು ಎಲ್ಲೆಲ್ಲಿ ಕಾದಿವೆ ಎಂಬುದು ಮೊದಲೇ ಗೊತ್ತಿದ್ದರೆ ಒಳ್ಳೆಯದು.

ಇಷ್ಟಕ್ಕೆ ಜರ್ಮನ್ ಭಾಷೆಯನ್ನು ಪೂರ್ತಿ ಕಲಿಯಬೇಕಾಗಿಲ್ಲ. ತಪ್ಪುಗಳು ಆಗುವುದು ಕೆಲವೇ ನಿರ್ದಿಷ್ಟ ಜಾಗಗಳಲ್ಲಿ, ಮತ್ತು ಅವುಗಳಲ್ಲಿ ಬಹುಪಾಲು ನಾವು ಜರ್ಮನ್ ಪದಗಳನ್ನು ಇಂಗ್ಲಿಷಿನ ಮೂಲಕ ಓದುವುದರಿಂದ ಹುಟ್ಟುತ್ತವೆ. ಹ್ರಸ್ವ ಮತ್ತು ದೀರ್ಘ ಸ್ವರಗಳನ್ನು ಬೇರೆಬೇರೆಯಾಗಿ ಕೇಳಿಸಿಕೊಳ್ಳುವ ಕಿವಿ, ಉಚ್ಚರಿಸಿದಂತೆಯೇ ಬರೆಯುವ ಲಿಪಿ ಎರಡೂ ಕನ್ನಡಿಗರಿಗೆ ಹುಟ್ಟಿನಿಂದಲೇ ಬಂದಿವೆ. ಇಂಗ್ಲಿಷನ್ನು ಬದಿಗಿಟ್ಟು ಕನ್ನಡದ ದಾರಿಯಲ್ಲಿ ಹೋದರೆ ಕೆಲಸ ಅರ್ಧಕ್ಕಿಂತ ಹೆಚ್ಚು ಹಗುರಾಗುತ್ತದೆ ಎಂಬುದು ಈ ಲೇಖಕನ ದೃಢವಾದ ನಂಬಿಕೆ, ಮುಂದಿನ ಹೆಜ್ಜೆಗಳೆಲ್ಲ ಅದರ ಮೇಲೆಯೇ ನಿಂತಿವೆ.

ಹೆಜ್ಜೆ 1: ಬಿಯರಿನ ಹೆಸರನ್ನು ಕನ್ನಡ ಅಕ್ಷರಗಳಲ್ಲಿ ಬರೆದುಕೊಳ್ಳಿ

ಹೋಗಬೇಕಾದ ಜಾಗದ ಪಟ್ಟಿಯನ್ನು ಮೊಬೈಲಿನಲ್ಲಿ ಮೊದಲೇ ತೆರೆದು, ಬೇಕಾದ ಎರಡು ಮೂರು ಹೆಸರುಗಳನ್ನು ಕನ್ನಡದಲ್ಲಿ ಬರೆದಿಟ್ಟುಕೊಳ್ಳುವುದು ಉತ್ತಮ. ಹಾಗೆ ಬರೆಯುವಾಗ ಮುಖ್ಯವಾಗಿ ಗಮನಿಸಬೇಕಾದದ್ದು ಇ ಮತ್ತು ಐ ಎಂಬ ರೋಮನ್ ಅಕ್ಷರಗಳ ಜೋಡಿಯನ್ನು. ಈ ಎರಡು ಒಟ್ಟಿಗೆ ಬಂದಾಗ ಎರಡನೆಯದಾಗಿ ನಿಂತ ಅಕ್ಷರದ ಇಂಗ್ಲಿಷ್ ಹೆಸರೇ ಅದರ ಉಚ್ಚಾರ ಎಂದು ನೆನಪಿಟ್ಟುಕೊಂಡರೆ ಸಾಕು: ಐ ಕೊನೆಯಲ್ಲಿದ್ದರೆ ‘ಐ’, ಇ ಕೊನೆಯಲ್ಲಿದ್ದರೆ ‘ಈ’. ‘ವೈನ್’ ಎಂದರೆ ದ್ರಾಕ್ಷಾರಸ, ‘ವೀನ್’ ಎಂದರೆ ಆಸ್ಟ್ರಿಯಾದ ರಾಜಧಾನಿ ವಿಯೆನ್ನಾ. ಅಕ್ಷರಗಳು ಅವೇ, ಅದಲುಬದಲಾಗಿರುವುದು ಕ್ರಮ ಮಾತ್ರ. ಗೋಧಿಯಿಂದ ಮಾಡುವ ಬಿಯರಿನ ಹೆಸರು ‘ವೈಟ್ಸೆನ್’. ಅದನ್ನು ‘ವೀಝನ್’ ಎಂದು ಕೇಳಿದರೆ ಪರಿಚಾರಕರು ತಲೆ ಕೆರೆದುಕೊಳ್ಳುತ್ತಾರೆ. ಬೆಂಗಳೂರಿನ ಬ್ರೂಪಬ್ಬುಗಳ ಪಟ್ಟಿಯಲ್ಲಿಯೂ ಕಾಣುವ ‘ಹೇಫೆವೈಟ್ಸೆನ್’ ಇದೇ ಬಗೆಯದು; ಅದರ ಉಚ್ಚಾರವನ್ನು ಹೊರಡುವ ಮೊದಲೇ ಇಲ್ಲಿ ಅಭ್ಯಾಸ ಮಾಡಿಕೊಳ್ಳಬಹುದು.

ಝಡ್ ಅಕ್ಷರ ಕಂಡಲ್ಲೆಲ್ಲ ‘ಟ್ಸ್’ ಎಂದು ಬರೆದುಕೊಳ್ಳಿ. ಈ ನಿಯಮ ತಿಳಿದರೆ ‘ಪಿಲ್ಸ್’ ಮತ್ತು ‘ಪಿಲ್ಟ್ಸ್’ ಎಂಬ ಜೋಡಿಯ ಗೊಂದಲವೂ ತಿಳಿಯಾಗುತ್ತದೆ. ಮೊದಲನೆಯದು ಬಿಯರ್. ದಕ್ಷಿಣ ಜರ್ಮನಿಯ ಬವೇರಿಯಾ ಪ್ರಾಂತ್ಯದ ಬಿಯರ್ ತಯಾರಕ ಯೋಸೆಫ್ ಗ್ರೋಲ್ 1842ರಲ್ಲಿ ಬೊಹೀಮಿಯಾದ, ಅಂದರೆ ಇಂದಿನ ಚೆಕ್ ದೇಶದ, ಪಿಲ್ಸೆನ್ ಪಟ್ಟಣದಲ್ಲಿ ಮೊದಲ ಬಾರಿಗೆ ತಯಾರಿಸಿದ ಹೊಂಬಣ್ಣದ ಬಿಯರಿಗೆ ಆ ಊರಿನ ಹೆಸರೇ ನಿಂತಿತು. ಎರಡನೆಯದು ಅಣಬೆ. ಎಷ್ಟೋ ಜರ್ಮನರ ಬಾಯಲ್ಲಿಯೇ ಇವೆರಡೂ ಒಂದೇ ಆಗಿ ಕೇಳಿಸುವುದರಿಂದ ಬಿಯರ್ ಕೇಳಿದವರಿಗೆ ಅಣಬೆ ಬಂದುಬಿಡುತ್ತದೆ ಎಂಬ ಭಯ ಬೇಡ. ಆದರೆ ಊಟದ ಪಟ್ಟಿಯಲ್ಲಿ ಅಣಬೆಯ ಖಾದ್ಯವೂ ಇರುವ ಕಡೆ, ಮೊದಲು ಊಟ ಹೇಳಿ ಅದರ ಬೆನ್ನಿಗೇ ‘ಟ್ಸ್ವೈ ಪಿಲ್ಟ್ಸ್’ ಎಂದರೆ ಯಾವ ಎರಡು ಎಂಬ ಪ್ರಶ್ನೆ ಬಂದೇ ಬರುತ್ತದೆ.

ಉಳಿದ ನಿಯಮಗಳು ಸಣ್ಣವು. ಡಬ್ಲ್ಯೂ ಎಂದರೆ ನಮ್ಮ ‘ವ’. ಪದದ ಮೊದಲಿಗೆ ಪಿ ಅಥವಾ ಟಿ ಅಕ್ಷರದ ಹಿಂದೆ ಬರುವ ಎಸ್ ಅನ್ನು ‘ಶ್’ ಎನ್ನಬೇಕು. ಮ್ಯೂನಿಕ್ಕಿನ ಹಳೆಯ ಕಂಪನಿಯೊಂದರ ಹೆಸರು ಆದ್ದರಿಂದ ‘ಶ್ಪಾಟೆನ್’. ಬೇರೆ ಸ್ವರದ ಜೊತೆಯಿಲ್ಲದೆ ಬರುವ ಯು ‘ಉ’ ಅಥವಾ ‘ಊ’. ಕಪ್ಪು ಬಿಯರ್ ‘ಡುಂಕೆಲ್’ ಆಗಬೇಕೇ ಹೊರತು ‘ಡಂಕೆಲ್’ ಅಲ್ಲ. ಎ ಅಕ್ಷರದ ತಲೆಯ ಮೇಲೆ ಎರಡು ಚುಕ್ಕೆ ಇಟ್ಟು ಮುಂದೆ ಯು ಬಂದರೆ ‘ಒಯ್’ ಎಂಬ ಉಚ್ಚಾರ. ಹಾಗಾಗಿ ನಮ್ಮವರು ‘ಹಾಫ್‌ಬ್ರಾವ್’, ‘ಲೋವೆನ್‌ಬ್ರೌ’ ಎನ್ನುವ ಹೆಸರುಗಳನ್ನು ಅಲ್ಲಿನವರು ‘ಹೋಫ್‌ಬ್ರೊಯ್’, ‘ಲ್ಯೋವೆನ್‌ಬ್ರೊಯ್’ ಎನ್ನುತ್ತಾರೆ. ಓ ಅಕ್ಷರದ ಮೇಲೆ ಚುಕ್ಕೆಗಳಿದ್ದರೆ ಬರುವ ಸ್ವರ ಕನ್ನಡದಲ್ಲಿಲ್ಲ. ‘ಒ’ ಎನ್ನುವಂತೆ ತುಟಿಗಳನ್ನು ದುಂಡಗೆ ಮಾಡಿ, ಆ ತುಟಿಗಳನ್ನು ಕದಲಿಸದೆ ಬಾಯೊಳಗೆ ‘ಎ’ ಎಂದರೆ ಅದು ತಾನಾಗಿಯೇ ಬರುತ್ತದೆ. ಕನ್ನಡಿಯ ಮುಂದೆ ನಿಂತು ಸ್ವಲ್ಪ ಹೊತ್ತು ಪ್ರಯತ್ನಿಸಿದರೆ ಸಾಕು.

ಇಂಗ್ಲಿಷಿನ ತಪ್ಪಲ್ಲದ, ನಮ್ಮದೇ ಆದ ಎರಡು ಅಭ್ಯಾಸಗಳನ್ನೂ ಇಲ್ಲಿ ಹೇಳಬೇಕು. ಪದದ ಕೊನೆಗೆ ‘ಉ’ ಸೇರಿಸುವುದು ಕನ್ನಡದ ಗುಣ. ನಮ್ಮ ಹಳ್ಳಿಗಳಲ್ಲಿ ಬಿಯರ್ ‘ಬೀರು’ ಆಗಿ, ಬಟ್ಟೆ ಇಡುವ ಬೀರುವಿನ ಜೊತೆ ಬೆರೆತು ನಗು ತರಿಸುವುದು ಇದರಿಂದಲೇ. ಜರ್ಮನ್ ಪದಗಳಿಗೆ ಈ ಬಾಲ ಬೇಡ. ಇನ್ನೊಂದು, ಪದದ ಮೊದಲ ‘ಹ’ಕಾರವನ್ನು ನುಂಗುವುದು. ‘ಹಾಲು’ ‘ಆಲು’ ಆಗುವ ಕಡೆಯವರು ಮ್ಯೂನಿಕ್ಕಿನ ತಿಳಿ ಬಿಯರ್ ‘ಹೆಲೆಸ್’ ಅನ್ನು ‘ಎಲೆಸ್’ ಎಂದರೆ, ಗದ್ದಲದಲ್ಲಿ ಅದು ‘ಅಲೆಸ್’ ಎಂದು ಕೇಳಿಸಬಹುದು. ‘ಅಲೆಸ್’ ಎಂದರೆ ಎಲ್ಲವೂ ಎಂದರ್ಥ. ಹಾಗೆಯೇ ಜರ್ಮನಿಯ ‘ಬೀಯರ್’ ಎಂಬುದರಲ್ಲಿ ‘ಬೀ’ ದೀರ್ಘವಾಗಿರಬೇಕು, ಕೊನೆಯ ‘ರ್’ ಬಹುಮಟ್ಟಿಗೆ ಕರಗಿಹೋಗಬೇಕು. ‘ಬೇರ್’ ಎಂದರೆ ಕರಡಿ.

ಹೆಜ್ಜೆ 2: ಯಾವ ಊರಿನಲ್ಲಿದ್ದೀರಿ ಎಂಬುದನ್ನು ನೋಡಿ ಹೆಸರು ಹೇಳಿ

ಜರ್ಮನಿಯಲ್ಲಿ ‘ಒಂದು ಬಿಯರ್ ಕೊಡಿ’ ಎಂಬ ಮಾತಿಗೆ ಊರಿಗೊಂದು ಅರ್ಥವಿದೆ. ಮ್ಯೂನಿಕ್ಕಿನಲ್ಲಿ ‘ಐನ್ ಬೀಯರ್, ಬಿಟ್ಟೆ’ ಎಂದರೆ ಸಾಮಾನ್ಯವಾಗಿ ಅರ್ಧ ಲೀಟರ್ ಹೆಲೆಸ್ ಬರುತ್ತದೆ. ಪಿಲ್ಸೆನ್ನಿನ ಬಿಯರಿಗೆ ಮ್ಯೂನಿಕ್ ಕೊಟ್ಟ ಉತ್ತರವಾಗಿ 1894ರಲ್ಲಿ ಶ್ಪಾಟೆನ್ ಕಂಪನಿ ಹೊರತಂದ ಬಗೆ ಅದು. ಉತ್ತರದ ಊರುಗಳಲ್ಲಿ ಅದೇ ಮಾತಿಗೆ ಬರುವುದು ಕಹಿ ಹೆಚ್ಚಿರುವ ಪಿಲ್ಸ್. ಗೋಧಿಯ ಬಿಯರನ್ನು ಬವೇರಿಯಾದಲ್ಲಿ ‘ವೈಸ್‌ಬೀಯರ್’ ಎಂದೂ ಹೊರಗೆಲ್ಲ ‘ವೈಟ್ಸೆನ್’ ಎಂದೂ ಕರೆಯುತ್ತಾರೆ. ಇದನ್ನು ಮ್ಯೂನಿಕ್ಕಿನಲ್ಲಿ ಕಲಿತು, ಬರ್ಲಿನ್ನಿಗೆ ಹೋಗಿ ಚುಟುಕಾಗಿ ‘ಐನೆ ವೈಸೆ’ ಎಂದವರು ಬೆರಗಾಗುತ್ತಾರೆ. ಅಲ್ಲಿನ ವೈಸೆ ಹುಳಿಯಾದ, ಹಗುರವಾದ ಬೇರೆಯೇ ಬಿಯರ್. ಅದನ್ನು ಕೇಳಿದ ಕೂಡಲೇ ಪರಿಚಾರಕರು ‘ಕೆಂಪೋ ಹಸಿರೋ’ ಎಂದು ಕೇಳುತ್ತಾರೆ. ಕೆಂಪು ಎಂದರೆ ರಾಸ್ಪ್‌ಬೆರಿಯ ಪಾಕ, ಹಸಿರು ಎಂದರೆ ‘ವಾಲ್ಡ್‌ಮೈಸ್ಟರ್’ ಎಂಬ ಕಾಡುಗಿಡದ ಪರಿಮಳದ ಪಾಕ. ಪ್ರಶ್ನೆ ಅರ್ಥವಾಗದೆ ‘ಯಾ’ ಎಂದು ತಲೆಯಾಡಿಸಿದರೆ ಯಾವ ಬಣ್ಣ ಬರುತ್ತದೆ ಎಂಬುದು ಪರಿಚಾರಕರ ಇಚ್ಛೆಗೆ ಬಿಟ್ಟದ್ದು.

ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದದ್ದು ರೈನ್ ನದಿಯ ದಡದ ಕೊಲೋನ್ ಮತ್ತು ಡ್ಯೂಸೆಲ್ಡಾರ್ಫ್ ನಗರಗಳಲ್ಲಿ. ಇವೆರಡರ ನಡುವೆ ಸುಮಾರು 40 ಕಿಲೋಮೀಟರ್ ದೂರವಿದೆ, ಬಿಯರಿನ ವಿಷಯದಲ್ಲಿ ಹಳೆಯ ಪೈಪೋಟಿಯೂ ಇದೆ. ಕೊಲೋನಿನದು ತಿಳಿಬಣ್ಣದ ‘ಕೆಲ್ಶ್’. ಅದನ್ನು ಉಚ್ಚರಿಸುವಾಗ ಮೇಲೆ ಹೇಳಿದ ದುಂಡು ತುಟಿಯ ‘ಎ’ ಬೇಕು. ಡ್ಯೂಸೆಲ್ಡಾರ್ಫಿನದು ತಾಮ್ರದ ಬಣ್ಣದ ‘ಆಲ್ಟ್’. ಆಲ್ಟ್ ಎಂಬ ಪದಕ್ಕೆ ಹಳೆಯದು ಎಂಬ ಅರ್ಥವಿರುವುದರಿಂದ ಹಳಸಿದ ಬಿಯರ್ ಎಂದು ಭಾವಿಸಿ ಬೇಡ ಎನ್ನುವವರಿದ್ದಾರೆ. ಹಳೆಯದಾಗಿರುವುದು ತಯಾರಿಸುವ ಪದ್ಧತಿ, ಬಿಯರ್ ತಾಜಾ ಆಗಿಯೇ ಇರುತ್ತದೆ. ತಣ್ಣಗಿನ ಬಿಯರ್ ಬೇಕೆಂದು ‘ಕಾಲ್ಟ್’ ಎನ್ನಹೊರಟು ಮೊದಲ ‘ಕ’ ಕೇಳಿಸದಿದ್ದರೆ ಡ್ಯೂಸೆಲ್ಡಾರ್ಫಿನಲ್ಲಿ ಯಾವ ತೊಂದರೆಯೂ ಇಲ್ಲ. ಕೊಲೋನಿನಲ್ಲಿ ಮಾತ್ರ ಆಲ್ಟ್ ಕೇಳಿದವರಿಗೆ ಚುಚ್ಚುಮಾತು ಖಚಿತ.

ಕೊಲೋನಿನ ಹಳೆಯ ಬಿಯರ್ ಮನೆಗಳಲ್ಲಿ ನೀಲಿ ಮೇಲಂಗಿ ತೊಟ್ಟು ಓಡಾಡುವ ಪರಿಚಾರಕನನ್ನು ‘ಕೆಬೆಸ್’ ಎನ್ನುತ್ತಾರೆ. ಇಲ್ಲಿಯೂ ಮೊದಲ ಸ್ವರ ದುಂಡು ತುಟಿಯದೇ. ಒರಟು ಹಾಸ್ಯ ಆತನ ವೃತ್ತಿಯ ಭಾಗ, ಅದನ್ನು ಅವಮಾನವೆಂದು ತಿಳಿಯಬಾರದು. ನಡುವೆ ಹಿಡಿಯುಳ್ಳ ದುಂಡನೆಯ ತಟ್ಟೆಯ ಗುಳಿಗಳಲ್ಲಿ, 200 ಮಿಲಿಲೀಟರ್ ಹಿಡಿಯುವ ತೆಳ್ಳನೆಯ ನೀಳ ಲೋಟಗಳನ್ನು ಸಿಕ್ಕಿಸಿಕೊಂಡು ಆತ ಮೇಜಿನಿಂದ ಮೇಜಿಗೆ ಹೋಗುತ್ತಿರುತ್ತಾನೆ. ಖಾಲಿ ಲೋಟ ಕಂಡಕೂಡಲೇ ಏನನ್ನೂ ಕೇಳದೆ ಅದನ್ನೆತ್ತಿ, ತುಂಬಿದ ಲೋಟವನ್ನಿಟ್ಟು, ಲೋಟದಡಿಯ ರಟ್ಟಿನ ಬಿಲ್ಲೆಯ ಅಂಚಿಗೆ ಪೆನ್ಸಿಲ್ಲಿನಿಂದ ಒಂದು ಗೀಟು ಎಳೆದು ಮುಂದೆ ಸಾಗುತ್ತಾನೆ. ನಮ್ಮ ಊಟದ ಪಂಕ್ತಿಯಲ್ಲಿ ಬರಿದಾದ ಎಲೆಗೆ ಕೇಳದೆಯೇ ಬಡಿಸುವ ಹಾಗೆ ಇದು ನಡೆಯುತ್ತದೆ. ಈ ಕ್ರಮ ತಿಳಿಯದ ಹೊಸಬರು ತಾವು ಕೇಳದ ಬಿಯರ್ ಬರುತ್ತಿದೆ ಎಂದು ಗಾಬರಿಯಾಗಿ ಬೇಗಬೇಗ ಕುಡಿದು ಮುಗಿಸುತ್ತಾರೆ. ಮುಗಿಸಿದಷ್ಟೂ ಹೊಸದು ಬರುತ್ತದೆ. ಸಾಕು ಎನ್ನಲು ಮಾತು ಬೇಕಿಲ್ಲ: ಆ ರಟ್ಟಿನ ಬಿಲ್ಲೆಯನ್ನೆತ್ತಿ ಲೋಟದ ಬಾಯಿಗೆ ಮುಚ್ಚಿಟ್ಟರೆ ಮುಗಿಯಿತು. ಆ ಬಿಲ್ಲೆಯ ಮೇಲಿನ ಗೀಟುಗಳೇ ನಿಮ್ಮ ಲೆಕ್ಕದ ಚೀಟಿ, ಅದನ್ನು ಹರಿಯುವುದಾಗಲಿ ಜೇಬಿಗಿಳಿಸುವುದಾಗಲಿ ಸಲ್ಲದು.

ಬವೇರಿಯಾದ ಉತ್ತರ ಭಾಗದಲ್ಲಿರುವ ಬಾಂಬೆರ್ಗ್ ಪಟ್ಟಣಕ್ಕೆ ಹೋಗುವ ಸಸ್ಯಾಹಾರಿಗಳಿಗೆ ಒಂದು ಮಾತು. ಅಲ್ಲಿನ ‘ರೌಖ್‌ಬೀಯರ್’ ಮೂಗಿನ ಹತ್ತಿರ ಬಂದಾಗ ಹೊಗೆಯಾಡಿಸಿದ ಮಾಂಸದ ವಾಸನೆ ಬರುತ್ತದೆ, ತಪ್ಪಾಗಿ ಬೇರೇನನ್ನೋ ಕೇಳಿಬಿಟ್ಟೆವು ಎಂಬ ಅನುಮಾನ ಹುಟ್ಟುತ್ತದೆ. ಅದರಲ್ಲಿ ಮಾಂಸದ ಸೋಂಕಿಲ್ಲ. ಮೊಳಕೆ ಬರಿಸಿದ ಬಾರ್ಲಿಯನ್ನು ಬೀಚ್ ಮರದ ಸೌದೆಯ ಹೊಗೆಯಲ್ಲಿ ಒಣಗಿಸುವುದರಿಂದ ಆ ವಾಸನೆ ಬರುತ್ತದೆ.

ಹೆಜ್ಜೆ 3: ಅಳತೆಯನ್ನು ಸರಿಯಾದ ಸ್ವರದಲ್ಲಿ ಹೇಳಿ

ಬೆಂಗಳೂರಿನಲ್ಲಿ ‘ಪಿಂಟ್’ ಎಂದರೆ 330 ಮಿಲಿಲೀಟರಿನ ಸಣ್ಣ ಬಾಟಲಿ. ಇಂಗ್ಲೆಂಡಿನಲ್ಲಿ ಪಿಂಟ್ ಎಂದರೆ 568 ಮಿಲಿಲೀಟರ್, ಅಮೆರಿಕದಲ್ಲಿ 473. ಜರ್ಮನಿಯಲ್ಲಿ ಆ ಪದಕ್ಕೆ ಚಲಾವಣೆಯೇ ಇಲ್ಲವಾದ್ದರಿಂದ ಅದನ್ನು ಮರೆಯುವುದೇ ಲೇಸು. ಬವೇರಿಯಾದಲ್ಲಿ ಅರ್ಧ ಲೀಟರಿಗೆ ‘ಐನೆ ಹಾಲ್ಬೆ’, ಒಂದು ಲೀಟರಿಗೆ ‘ಐನೆ ಮಸ್’. ಈ ಮಸ್ ಎಂಬುದನ್ನು ಹ್ರಸ್ವವಾಗಿಯೇ ಹೇಳಬೇಕು. ಉತ್ತರ ಜರ್ಮನಿಯವರೇ ಅದನ್ನು ‘ಮಾಸ್’ ಎಂದೆಳೆದು ಬವೇರಿಯಾದವರ ನಗುವಿಗೆ ಗುರಿಯಾಗುತ್ತಾರೆ. ಸಿನಿಮಾ ಮಾತಿನಿಂದಾಗಿ ‘ಮಾಸ್’ ಎಂಬ ಪದವೇ ಬಾಯಿಗೆ ಮೊದಲು ಬರುವ ಕನ್ನಡಿಗರು ‘ಮಸಿ’ ಎನ್ನಲು ಹೊರಟು ‘ಮಸ್’ ಎಂದಲ್ಲಿ ನಿಲ್ಲಿಸಿದರೆ ಸರಿಯಾಗುತ್ತದೆ. ಮ್ಯೂನಿಕ್ಕಿನ ಅಕ್ಟೋಬರ್‌ಫೆಸ್ಟಿನ ದೊಡ್ಡ ಡೇರೆಗಳಲ್ಲಿ ಹೆಲೆಸ್ ಬಣ್ಣದ ಹಬ್ಬದ ಬಿಯರ್ ಬರುವುದು ಒಂದು ಲೀಟರಿನ ಮಸ್ ಲೆಕ್ಕದಲ್ಲೇ. ಅದು ಮಾಮೂಲಿ ಹೆಲೆಸ್‌ಗಿಂತ ಹೆಚ್ಚು ಬಲವಾದದ್ದು, ಸುಮಾರು 6 ಶೇಕಡಾ ಮದ್ಯಾಂಶವುಳ್ಳದ್ದು. ಸಣ್ಣ ಲೋಟ ಕೊಡಿ ಎಂದು ಅಲ್ಲಿ ವಾದಿಸುವ ಬದಲು ಇಬ್ಬರು ಒಂದನ್ನು ಹಂಚಿಕೊಳ್ಳುವುದು ವಿವೇಕ.

ಒಂದೇ ಪದ ಬೇರೆಬೇರೆ ಊರಿನಲ್ಲಿ ಬೇರೆ ಅಳತೆಯಾಗುವುದೂ ಉಂಟು. ಬವೇರಿಯಾದ ಉತ್ತರ ಭಾಗವಾದ ಫ್ರಾಂಕೋನಿಯಾದಲ್ಲಿ ‘ಸೈಡ್ಲಾ’ ಎಂದರೆ ಅರ್ಧ ಲೀಟರ್, ವಿಯೆನ್ನಾದಲ್ಲಿ ‘ಸೈಡೆಲ್’ ಎಂದರೆ 300 ಮಿಲಿಲೀಟರ್, ಅಲ್ಲಿ ಅರ್ಧ ಲೀಟರಿಗೆ ‘ಕ್ರ್ಯೂಗರ್ಲ್’ ಎನ್ನಬೇಕು. ಗೊಂದಲವಾದರೆ ‘ಕ್ಲೈನ್’ ಎಂದರೆ ಸಣ್ಣದು, ‘ಗ್ರೋಸ್’ ಎಂದರೆ ದೊಡ್ಡದು ಎಂಬ ಎರಡು ಪದಗಳು ಎಲ್ಲೆಡೆ ನಡೆಯುತ್ತವೆ.

ಹೆಜ್ಜೆ 4: ಎಣಿಕೆಯನ್ನು ಹೆಬ್ಬೆರಳಿನಿಂದ ಶುರು ಮಾಡಿ

ನಾವು ಒಂದು ಎನ್ನಲು ತೋರುಬೆರಳನ್ನು ಎತ್ತುತ್ತೇವೆ. ಜರ್ಮನರ ಎಣಿಕೆ ಹೆಬ್ಬೆರಳಿನಿಂದ ಆರಂಭವಾಗುತ್ತದೆ: ಹೆಬ್ಬೆರಳೊಂದೇ ಒಂದು, ಅದರೊಂದಿಗೆ ತೋರುಬೆರಳು ಸೇರಿದರೆ ಎರಡು, ನಡುಬೆರಳೂ ಸೇರಿದರೆ ಮೂರು. ದೂರದಲ್ಲಿ ನಿಂತ ಪರಿಚಾರಕರಿಗೆ ತೋರುಬೆರಳು ಮತ್ತು ನಡುಬೆರಳು ನೆಟ್ಟಗೆ ಕಂಡು, ಮಡಿಸಿದ ಹೆಬ್ಬೆರಳು ಸರಿಯಾಗಿ ಕಾಣದಿದ್ದರೆ, ಅವರ ಮನಸ್ಸು ಅದನ್ನೂ ಸೇರಿಸಿ ಮೂರು ಎಂದು ಲೆಕ್ಕ ಹಾಕಬಹುದು. ಎರಡು ಕೇಳಿದ ಮೇಜಿಗೆ ಮೂರು ಬರುವ ಪ್ರಸಂಗಗಳಿಗೆ ಇದೇ ಕಾರಣ. ಬಾಯಿಮಾತಿನಲ್ಲಿಯೂ ‘ಟ್ಸ್ವೈ’ ಮತ್ತು ‘ಡ್ರೈ’ ಒಂದೇ ಪ್ರಾಸದವು. ಗದ್ದಲದಲ್ಲಿ ಕೇಳಿಸುವುದು ಕೊನೆಯ ‘ಐ’ ಮಾತ್ರ. ಆದ್ದರಿಂದಲೇ ಜರ್ಮನರು ಎರಡಕ್ಕೆ ‘ಟ್ಸ್ವೋ’ ಎಂಬ ಇನ್ನೊಂದು ರೂಪವನ್ನಿಟ್ಟುಕೊಂಡಿದ್ದಾರೆ. ಗಲಾಟೆಯ ಜಾಗದಲ್ಲಿ ಅದನ್ನೇ ಬಳಸಿ, ಜೊತೆಗೆ ಹೆಬ್ಬೆರಳು ಮತ್ತು ತೋರುಬೆರಳನ್ನು ತೋರಿಸಿ. ದೊಡ್ಡ ಗುಂಪಿನಲ್ಲಿ ಹೋದವರು ಇಂಗ್ಲಿಷಿನಲ್ಲಿ ‘ನೈನ್’ ಎನ್ನಬಾರದು. ಅದು ಜರ್ಮನ್ ಕಿವಿಗೆ ‘ಬೇಡ’ ಎಂದು ಕೇಳಿಸುತ್ತದೆ. ಒಂಬತ್ತಕ್ಕೆ ಅವರ ಪದ ‘ನೊಯ್ನ್’.

ಹೆಜ್ಜೆ 5: ಬೇಕು, ಸಾಕು, ಇನ್ನೊಂದು ಎಂಬ ಮೂರು ಮಾತುಗಳನ್ನು ಗಟ್ಟಿ ಮಾಡಿಕೊಳ್ಳಿ

ಲೋಟ ಬರಿದಾದಾಗ ಪರಿಚಾರಕರು ‘ನೊಖ್ ಐನ್ಸ್?’ ಎಂದು ಕೇಳುತ್ತಾರೆ, ಅಂದರೆ ಇನ್ನೊಂದು ತರಲೇ ಎಂದು. ಬೇಕೆನ್ನುವವರು ಸೌಜನ್ಯಕ್ಕಾಗಿ ‘ಡಾಂಕೆ’ ಎಂದುಬಿಟ್ಟರೆ ಅವರು ನಗುತ್ತ ಹೊರಟುಹೋಗುತ್ತಾರೆ. ಏನನ್ನಾದರೂ ಕೊಡಲು ಬಂದಾಗ ಬರಿಯ ಡಾಂಕೆ ಎಂದರೆ, ನಿಮ್ಮ ಉಪಚಾರಕ್ಕೆ ಕೃತಜ್ಞತೆ, ಆದರೆ ಬೇಡ ಎಂದರ್ಥ. ಬೇಕಿದ್ದರೆ ‘ಯಾ, ಬಿಟ್ಟೆ’, ಅಂದರೆ ‘ಹೌದು, ದಯವಿಟ್ಟು’ ಎನ್ನಬೇಕು. ಕನ್ನಡದ ಕಿವಿಗೆ ‘ಬಿಟ್ಟೆ’ ಎಂಬುದು ಕುಡಿತವನ್ನೇ ಬಿಟ್ಟ ಹಾಗೆ ಕೇಳಿಸುವುದರಿಂದ ಮೇಜಿನಲ್ಲಿ ಕೂತ ಕನ್ನಡಿಗರೆಲ್ಲ ಮೊದಲ ಸಲ ನಗುವುದು ಖಂಡಿತ. ಆ ನಗುವೇ ನೆನಪಿಗೆ ನೆರವಾಗಲಿ: ಅಲ್ಲಿ ‘ಬಿಟ್ಟೆ’ ಎಂದವರಿಗೆ ಬಿಯರ್ ಬರುತ್ತದೆ, ‘ಡಾಂಕೆ’ ಎಂದವರಿಗೆ ಬರುವುದಿಲ್ಲ.

ಇದರೊಂದಿಗೆ ತಲೆಯ ಚಲನೆಯನ್ನೂ ಹತೋಟಿಯಲ್ಲಿಡಬೇಕು. ನಾವು ಆಗಲಿ ಎನ್ನಲು ತಲೆಯನ್ನು ಅತ್ತಿತ್ತ ತೂಗಿಸುವುದು ಅಲ್ಲಿನವರಿಗೆ ಬೇಡ ಎಂದೋ, ಇನ್ನೂ ಯೋಚಿಸುತ್ತಿದ್ದೇನೆ ಎಂದೋ ಕಾಣುತ್ತದೆ. ಬಾಯಿ ‘ಯಾ’ ಎನ್ನುವಾಗ ತಲೆ ಮೇಲೆ ಕೆಳಗೆ ಆಡಲಿ.

ಇಂಗ್ಲಿಷ್ ದಾರಿ ತಪ್ಪಿಸುವ ಒಳ್ಳೆಯ ಉದಾಹರಣೆ ಈ ‘ಇನ್ನೊಂದು’ ಎಂಬಲ್ಲಿದೆ. ಇಂಗ್ಲಿಷಿನಲ್ಲಿ ಯೋಚಿಸಿ ಅನುವಾದಿಸಿದವರು ‘ಐನ್ ಆಂಡೆರೆಸ್ ಬೀಯರ್’ ಎನ್ನುತ್ತಾರೆ. ಅದರ ಅರ್ಥ ಬೇರೊಂದು ಬಗೆಯ ಬಿಯರ್ ಎಂದು. ಕೊಟ್ಟದ್ದು ರುಚಿಸಲಿಲ್ಲವೇನೋ ಎಂದು ಪರಿಚಾರಕರು ಚಿಂತಿತರಾಗಿ ಪಟ್ಟಿಯನ್ನು ತಂದುಕೊಡುತ್ತಾರೆ. ಕನ್ನಡದಲ್ಲಿ ಯೋಚಿಸಿದವರಿಗೆ ‘ಇನ್ನೊಂದು’ ಬೇರೆ, ‘ಬೇರೊಂದು’ ಬೇರೆ ಎಂಬುದು ತಾನಾಗಿ ತಿಳಿದಿರುತ್ತದೆ. ಇನ್ನೊಂದಕ್ಕೆ ‘ನೊಖ್ ಐನ್’, ಬೇರೊಂದಕ್ಕೆ ‘ಐನ್ ಆಂಡೆರೆಸ್’.

ಸಾಕು ಎನ್ನುವಾಗ ಮಾತ್ರ ಕನ್ನಡವೂ ಕೈಕೊಡಬಹುದು. ಹೊಟ್ಟೆ ತುಂಬಿದೆ ಎಂಬುದನ್ನು ಪದಕ್ಕೆ ಪದ ಇಟ್ಟು ‘ಇಶ್ ಬಿನ್ ಫೊಲ್’ ಎಂದರೆ, ನನಗೆ ಅಮಲೇರಿದೆ ಎಂದು ಘೋಷಿಸಿದಂತಾಗುತ್ತದೆ. ಊಟ ಸಾಕಾದರೆ ‘ಇಶ್ ಬಿನ್ ಝಾಟ್’ ಎನ್ನಬೇಕು, ಬಿಯರ್ ಸಾಕಾದರೆ ‘ನೈನ್, ಡಾಂಕೆ’ ಎಂದರೆ ಸಾಕು. ‘ಇಶ್’ ಎಂಬುದರ ಕೊನೆಯ ಶಬ್ದ ಶುದ್ಧ ಜರ್ಮನ್ನಿನಲ್ಲಿ ಉಸಿರು ಬೆರೆತ ‘ಹ್ಯ್’ ಆಗಿರುತ್ತದೆ. ಅದು ಬಾರದವರು ಸಂಕೋಚಪಡಬೇಕಿಲ್ಲ, ಕೊಲೋನಿನ ಜನರೇ ಅದನ್ನು ‘ಇಶ್’ ಎನ್ನುತ್ತಾರೆ.

ನಮ್ಮಲ್ಲಿ ‘ಸ್ಟ್ರಾಂಗ್’ ಬಿಯರ್ ಕೇಳಿ ರೂಢಿಯಾದವರು ‘ಶ್ಟಾರ್ಕ್’ ಎಂಬ ಪದವನ್ನು ಸುಮ್ಮನೆ ಬಳಸಬಾರದು. ‘ಶ್ಟಾರ್ಕ್‌ಬೀಯರ್’ ಎಂಬುದು ಅಲ್ಲಿ ಒಂದು ಪ್ರತ್ಯೇಕ ವರ್ಗ. ಈಸ್ಟರಿಗೆ ಮುಂಚಿನ ಉಪವಾಸದ ವಾರಗಳಲ್ಲಿ ಮ್ಯೂನಿಕ್ಕಿನಲ್ಲಿ ವಿಶೇಷವಾಗಿ ಬರುವ ಇದರ ಗಟ್ಟಿ ಬಗೆಗಳಲ್ಲಿ ಮದ್ಯಾಂಶ 7 ಶೇಕಡಾ ದಾಟಿರುತ್ತದೆ.

ಹೆಜ್ಜೆ 6: ಮದ್ಯ ಬೇಡದವರು ಹೆಸರನ್ನು ನಂಬಬಾರದು

ಹ್ಯಾಂಬರ್ಗಿನ ಪಟ್ಟಿಯಲ್ಲಿ ‘ಆಲ್ಸ್ಟರ್‌ವಾಸರ್’ ಎಂಬ ಹೆಸರು ಕಂಡು, ‘ವಾಸರ್’ ಎಂದರೆ ನೀರು ಎಂಬುದಷ್ಟೇ ಗೊತ್ತಿದ್ದವರು, ಊರಿನ ನದಿಯ ಹೆಸರಿನ ಕುಡಿಯುವ ನೀರೆಂದು ತಿಳಿಯುವುದು ಸಹಜ. ಅದು ಬಿಯರಿಗೆ ನಿಂಬೆಯ ಸೋಡಾ ಬೆರೆಸಿದ ಪಾನೀಯ. ದಕ್ಷಿಣದಲ್ಲಿ ಅಂಥದ್ದನ್ನೇ ಸೈಕಲ್ ಸವಾರ ಎಂಬರ್ಥದ ‘ರಾಡ್ಲರ್’ ಎನ್ನುತ್ತಾರೆ. ಇದಕ್ಕೆ ತಿರುಗುಮುರುಗಾಗಿ ‘ಮಾಲ್ಟ್ಸ್‌ಬೀಯರ್’ ಎಂಬುದರ ಹೆಸರಿನಲ್ಲಿ ಬಿಯರ್ ಇದ್ದರೂ ಅದು ಮದ್ಯಾಂಶ ಇಲ್ಲವೆನ್ನುವಷ್ಟು ಕಡಿಮೆಯಿರುವ, ಮಕ್ಕಳಿಗೂ ಕೊಡುವ ಸಿಹಿ ಪಾನೀಯ. ‘ಆಲ್ಕೊಹೋಲ್‌ಫ್ರೈ’ ಎಂಬಲ್ಲಿನ ‘ಫ್ರೈ’ಗೂ ಹುರಿಯುವುದಕ್ಕೂ ಸಂಬಂಧವಿಲ್ಲ, ಮದ್ಯವಿಲ್ಲದ್ದು ಎಂದು ಅದರ ಅರ್ಥ. ಆದರೆ 0.5 ಶೇಕಡಾವರೆಗೆ ಮದ್ಯಾಂಶವಿದ್ದರೂ ಆ ಹೆಸರಿಡಲು ಜರ್ಮನಿಯಲ್ಲಿ ಅವಕಾಶವಿದೆ. ವ್ರತವೋ ಔಷಧವೋ ಧರ್ಮವೋ ಯಾವುದಾದರೂ ಕಾರಣಕ್ಕೆ ಲವಲೇಶವೂ ಬೇಡ ಎನ್ನುವವರು ‘ನುಲ್ ಕೊಮಾ ನುಲ್’ ಎಂದು, ಅಂದರೆ 0.0 ಎಂದು, ಬಿಡಿಸಿ ಹೇಳಬೇಕು. ನೀರೇ ಬೇಕಾದವರಿಗೂ ಒಂದು ಸೂಚನೆ: ಬರಿಯ ‘ವಾಸರ್’ ಎಂದರೆ ಸಾಮಾನ್ಯವಾಗಿ ಗ್ಯಾಸ್ ತುಂಬಿದ ನೀರು ಬರುತ್ತದೆ. ಸಾದಾ ನೀರಿಗೆ ‘ಶ್ಟಿಲೆಸ್ ವಾಸರ್’ ಎನ್ನಿ, ‘ವಾಸರ್’ ಎಂಬುದನ್ನು ಬಿಡದೆ ಸೇರಿಸಿ, ಏಕೆಂದರೆ ಗದ್ದಲದಲ್ಲಿ ‘ಶ್ಟಿಲೆಸ್’ ಎಂಬುದು ‘ಹೆಲೆಸ್’ ಆಗಿ ಕೇಳಿಸಿದರೆ ನಿಮ್ಮ ಮುಂದೆ ಬಿಯರ್ ಬರುತ್ತದೆ.

ಹೆಜ್ಜೆ 7: ಜೊತೆಗಿನ ತಿನಿಸನ್ನು ಕೇಳುವ ಮೊದಲು ವಿಚಾರಿಸಿ

ಸಸ್ಯಾಹಾರಿಗಳು ಮೋಸ ಹೋಗುವುದು ಇಲ್ಲಿ, ಮತ್ತು ಈ ಮೋಸ ನಗುವಲ್ಲಿ ಮುಗಿಯುವಂಥದ್ದಲ್ಲ. ‘ಕೇಸೆ’ ಎಂದರೆ ಚೀಸ್ ಎಂದು ಕಲಿತವರು ಬವೇರಿಯಾದಲ್ಲಿ ‘ಲೇಬರ್‌ಕೇಸೆ’ ನೋಡಿ ಧೈರ್ಯವಾಗಿ ಕೇಳುತ್ತಾರೆ. ಅದರಲ್ಲಿ ಚೀಸ್ ಇಲ್ಲ, ಅದು ಹಂದಿ ಮತ್ತು ದನದ ಮಾಂಸವನ್ನು ನುಣ್ಣಗೆ ಅರೆದು ಬೇಯಿಸಿದ ಗಟ್ಟಿ. ‘ಫ್ಲಾಂಟ್ಸೆ’ ಎಂದರೆ ಸಸ್ಯ ಎಂದು ಕಲಿತವರನ್ನು ‘ಫ್ಲೈಶ್‌ಫ್ಲಾಂಟ್ಸರ್ಲ್’ ಎಂಬ ಹೆಸರು ದಾರಿ ತಪ್ಪಿಸುತ್ತದೆ. ಅದು ಮಾಂಸದ ವಡೆ. ಕೊಲೋನಿನಲ್ಲಿ ಇದಕ್ಕೆ ವಿರುದ್ಧವಾದ ತಮಾಷೆ. ‘ಹಾಲ್ವರ್ ಹಾನ್’ ಎಂದರೆ ಅರ್ಧ ಕೋಳಿ ಎಂದರ್ಥವಾದರೂ ತಟ್ಟೆಯಲ್ಲಿ ಬರುವುದು ರೈ ಧಾನ್ಯದ ಬನ್ನು, ಗೌಡಾ ಚೀಸಿನ ದಪ್ಪ ಹೋಳು, ಸಾಸಿವೆ, ಈರುಳ್ಳಿ. ಸಸ್ಯಾಹಾರಿಗಳು ಹೆದರಿ ದೂರವಿಡುವ ಇದೇ ಅವರಿಗೆ ಆ ಪಟ್ಟಿಯಲ್ಲಿ ಸಿಗುವ ಒಳ್ಳೆಯ ತಿನಿಸು. ಅದೇ ಪಟ್ಟಿಯ ‘ಕೊಲೋನಿನ ಕ್ಯಾವಿಯಾರ್’ ಮಾತ್ರ ಮೀನಿನ ಮೊಟ್ಟೆಯಲ್ಲ, ರಕ್ತ ಸೇರಿಸಿ ಮಾಡಿದ ಸಾಸೇಜು.

ಮ್ಯೂನಿಕ್ಕಿನಲ್ಲಿ ‘ಓಬಾಟ್ಸ್ಡಾ’ ಕೇಳಬಹುದು. ಮಾಗಿದ ಕ್ಯಾಮಂಬೇರ್ ಚೀಸು, ಬೆಣ್ಣೆ ಮತ್ತು ಕೆಂಪು ಮೆಣಸಿನ ಪುಡಿಯನ್ನು ಕಲಸಿದ ಅದಕ್ಕೆ ಕೆಲವರು ಸ್ವಲ್ಪ ಬಿಯರನ್ನೂ ಸೇರಿಸುತ್ತಾರೆ. ಎಲ್ಲಿಯೇ ಆಗಲಿ ‘ಮಾಂಸವಿದೆಯೇ’ ಎಂದು ಕೇಳುವುದಕ್ಕಿಂತ ‘ವೆಗೆಟಾರಿಶ್?’ ಎಂದು ಕೇಳುವುದು ಸುರಕ್ಷಿತ, ಏಕೆಂದರೆ ಹಂದಿಯ ಕೊಬ್ಬಿನ ಸಣ್ಣ ತುಣುಕುಗಳನ್ನು ಮಾಂಸದ ಲೆಕ್ಕಕ್ಕೆ ಹಿಡಿಯದೆ ಉತ್ತರಿಸುವವರಿದ್ದಾರೆ.

ಬವೇರಿಯಾದ ಬಿಯರ್ ಗಾರ್ಡನ್ನುಗಳಲ್ಲಿ ಈ ಚಿಂತೆಗೆ ಚೆಂದದ ಪರಿಹಾರವಿದೆ. ಬಿಯರ್ ತಯಾರಕರು ತಮ್ಮ ನೆಲಮಾಳಿಗೆಗಳ ಮೇಲೆ ಬಿಯರ್ ಮಾರಬಹುದು, ಆದರೆ ಅಡುಗೆ ಮಾರಬಾರದು ಎಂದು ಬವೇರಿಯಾದ ದೊರೆ ಒಂದನೆಯ ಮ್ಯಾಕ್ಸ್ ಯೋಸೆಫ್ 1812ರಲ್ಲಿ ಆಜ್ಞೆ ಮಾಡಿದ. ಜನ ಬುತ್ತಿ ಕಟ್ಟಿಕೊಂಡು ಬರತೊಡಗಿದರು, ಆ ಪದ್ಧತಿ ಇಂದಿಗೂ ಉಳಿದಿದೆ. ಮೇಜುಬಟ್ಟೆ ಹಾಸದ ಮೇಜುಗಳಲ್ಲಿ ಕೂತು ಮನೆಯಿಂದ ತಂದ ಚಿತ್ರಾನ್ನವನ್ನೋ ಚಪಾತಿ ಪಲ್ಯವನ್ನೋ ಧಾರಾಳವಾಗಿ ತಿನ್ನಬಹುದು, ಪಾನೀಯವನ್ನು ಮಾತ್ರ ಅಲ್ಲಿಯೇ ಕೊಳ್ಳಬೇಕು. ಮೇಜುಗಳು ಉದ್ದವಾಗಿದ್ದು ಅಪರಿಚಿತರೊಂದಿಗೆ ಹಂಚಿಕೊಂಡು ಕೂರುವುದು ರೂಢಿ. ‘ಇಸ್ಟ್ ಹೀಯರ್ ನೊಖ್ ಫ್ರೈ?’, ಅಂದರೆ ಇಲ್ಲಿ ಜಾಗ ಖಾಲಿ ಇದೆಯೇ ಎಂದು ಕೇಳಿ ಕುಳಿತುಕೊಳ್ಳಿ. ‘ಶ್ಟಾಮ್‌ಟಿಶ್’ ಎಂಬ ಫಲಕವಿರುವ ಮೇಜು ನಿತ್ಯ ಬರುವವರದು, ಅಲ್ಲಿ ಕೂರಬಾರದು.

ಹೆಜ್ಜೆ 8: ಹಣ ಕೊಡುವಾಗ ‘ಡಾಂಕೆ’ಯನ್ನು ತಡೆಹಿಡಿಯಿರಿ

‘ಟ್ಸಾಲೆನ್, ಬಿಟ್ಟೆ’ ಎಂದರೆ ಲೆಕ್ಕ ಬರುತ್ತದೆ. ಮೊದಲ ಪ್ರಶ್ನೆ ‘ಟ್ಸುಝಾಮೆನ್ ಓಡರ್ ಗೆಟ್ರೆಂಟ್?’ ಎಂದಿರುತ್ತದೆ, ಒಟ್ಟಿಗೋ ಬೇರೆಬೇರೆಯೋ ಎಂದು ಅದರ ಅರ್ಥ. ಏನೂ ತಿಳಿಯದೆ ಮೊದಲ ಪದವನ್ನೇ ತಿರುಗಿ ಹೇಳಿದವರು ಇಡೀ ಮೇಜಿನ ಲೆಕ್ಕವನ್ನು ಹೊತ್ತುಕೊಳ್ಳಬೇಕಾಗುತ್ತದೆ. ಅವರು ಹೇಳುವ ಮೊತ್ತವನ್ನೂ ಗಮನವಿಟ್ಟು ಕೇಳಬೇಕು. ಜರ್ಮನ್ನಿನಲ್ಲಿ ಬಿಡಿಸ್ಥಾನ ಮೊದಲು, ಹತ್ತರ ಸ್ಥಾನ ಆಮೇಲೆ; 34 ಎಂಬುದನ್ನು ‘ನಾಲ್ಕು ಮತ್ತು ಮೂವತ್ತು’ ಎನ್ನುತ್ತಾರೆ, ಮೂವತ್ನಾಲ್ಕು ಎಂಬ ನಮ್ಮ ಕ್ರಮಕ್ಕೆ ಒಗ್ಗಿದವರಿಗೆ ಅದು 43 ಎಂದು ಕೇಳಿಸುತ್ತದೆ. ಹಿಂದಿ ಬಲ್ಲವರು ‘ಚೌಂತೀಸ್’ ಎಂಬುದನ್ನು ನೆನೆದುಕೊಂಡರೆ ಕ್ರಮ ಹಿಡಿತಕ್ಕೆ ಸಿಗುತ್ತದೆ.

ಮೊತ್ತ 13 ಯೂರೋ 40 ಸೆಂಟ್ ಆಗಿದ್ದು, 20ರ ನೋಟನ್ನು ಕೊಡುತ್ತ ನೀವು ‘ಡಾಂಕೆ’ ಎಂದುಬಿಟ್ಟರೆ ಉಳಿದ ಹಣವನ್ನು ಭಕ್ಷೀಸಾಗಿ ಕೊಟ್ಟಿರಿ ಎಂದು ಅವರು ತಿಳಿಯಬಹುದು. ಚಿಲ್ಲರೆ ಬೇಕಿದ್ದರೆ ನೋಟು ಕೊಡುವಾಗ ‘ಬಿಟ್ಟೆ’ ಎನ್ನಿ, ಅಥವಾ ಭಕ್ಷೀಸು ಸೇರಿಸಿ ಎಷ್ಟು ತೆಗೆದುಕೊಳ್ಳಬೇಕೋ ಅಷ್ಟನ್ನು ಹೇಳಿ. ಈ ಲೆಕ್ಕದಲ್ಲಿ 14 ಅಥವಾ 15 ಎಂದರೆ ಹೊಂದುತ್ತದೆ. ಐದರಿಂದ ಹತ್ತು ಶೇಕಡಾ ಭಕ್ಷೀಸು ವಾಡಿಕೆ. ಚಿಲ್ಲರೆ ಬೇಡವಾದಾಗ ‘ಶ್ಟಿಮ್ಟ್ ಝೋ’ ಎನ್ನಬಹುದು.

ನೀವೇ ಹೋಗಿ ಬಿಯರ್ ತಂದುಕೊಳ್ಳುವ ಬಿಯರ್ ಗಾರ್ಡನ್ನಿನ ಕಟ್ಟೆಯಲ್ಲಿ, ಪಟ್ಟಿಯಲ್ಲಿರುವುದಕ್ಕಿಂತ ಹೆಚ್ಚು ಹಣ ಕೇಳಿದರೆಂದು ಜಗಳಕ್ಕೆ ನಿಲ್ಲಬೇಡಿ. ಅದು ಮಗ್ಗಿನ ಠೇವಣಿ, ಅದಕ್ಕೆ ‘ಫಾಂಟ್’ ಎನ್ನುತ್ತಾರೆ. ಹಲವು ಕಡೆ ಬಿಯರಿನೊಂದಿಗೆ ಒಂದು ಟೋಕನ್ ಕೊಡುತ್ತಾರೆ. ಹೊರಡುವ ಮೊದಲು ಮಗ್ಗು ಮತ್ತು ಟೋಕನ್ ಎರಡನ್ನೂ ಒಟ್ಟಿಗೆ ಹಿಂದಿರುಗಿಸಿದರೆ ಠೇವಣಿಯ ಹಣ ಕೈಗೆ ಬರುತ್ತದೆ.